ಗೂಟಕ್ಕೆ ಎಡೆ

ಆ ಸೀಮೆಯ ಶಾಸಕರಿಗೆ ಗೂಟದ ಕಾರಿನ ಆಸೆ ಬಹಳ ವರ್ಷದ್ದು. ಮಂತ್ರಿಮಂಡಲ ಬದಲಾಗುತ್ತದೆಂಬ ಸುದ್ದಿ ಬಂದಾಗಲೆಲ್ಲ ಹೊಸ ರುಮಾಲು ಸುತ್ತಿಕೊಂಡು ಬೆಂಗಳೂರಿಗೆ ಹೊರಡುತ್ತಿದ್ದರು. ರುಮಾಲು ಮಾಸುವ ಹೊತ್ತಿಗೆ ಹೋದ ಹಾಗೇ ವಾಪಸ್ಸು ಬರುತ್ತಿದ್ದರು. ‘ಗೂಟದ ಕಾರಂತೂ ದಕ್ಕಲಿಲ್ಲ, ಪಾಪ, ಗೂಟವಾದರೂ ದಕ್ಕಲಿ’ ಎಂದು ಹಿರಿಯೂರಿನ ಬಡಗಿ ಮೌಲಾ ಸಾಬರ ಮಗ ದಾವೂದ್ ಒಂದು ಮಧ್ಯಾಹ್ನ ಬೇವಿನ ತುಂಡೊಂದನ್ನು ಎತ್ತಿಕೊಂಡ. ಸಂಜೆಗೆ ಗೋಡೆಗೆ ಹೊಡೆಯುವ ಗೂಟ ತಯಾರಾಗಿತ್ತು: ತಲೆಗೆ ರುಮಾಲು, ಹುರಿಮೀಸೆ, ಅಂಗಿ ತಗಲುಹಾಕಲೆಂದೇ ಮೇಲಕ್ಕೆ ಬಾಗಿದ ಗೇಣುದ್ದದ ಮೂಗು.

ದಾವೂದ್ ಚಿತ್ರದುರ್ಗದಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ ಅಪ್ಪನ ಉಳಿ ಹಿಡಿದವನು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಅದು ಅವನ ಗಂಟಲಿಗೆ ಬರುತ್ತಿತ್ತು. ಗಂಟಲಿಗೆ ಬಂದದ್ದು ಮುಖಕ್ಕೆ, ಮುಖಕ್ಕೆ ಬಂದದ್ದು ಕೈಗೆ. ಯಾರನ್ನು ಕೆತ್ತಬೇಕೋ ಅವರ ಮುಖವನ್ನು ಮೊದಲು ತಾನು ಮಾಡಿಕೊಂಡು, ಆ ಮುಖದಲ್ಲೇ ಕುಳಿತು ಕೆತ್ತುವುದು ಅವನ ಪದ್ಧತಿ. “ನಿನ್ನ ಮುಖ ಮನೇಲಿ ಇಟ್ಟು ಬಂದಿದೀಯೇನೋ?” ಎಂದು ಮೌಲಾ ಸಾಬರು ಬೈಯುತ್ತಿದ್ದರು. ಬೈದು, ಅತ್ತ ತಿರುಗಿ ನಗುತ್ತಿದ್ದರು.

ಗೂಟಕ್ಕೆ ಗಿರಾಕಿಗಳು ಮುಗಿಬಿದ್ದರು. ತಾಲ್ಲೂಕಿನ ಪುಢಾರಿಯೊಬ್ಬರು ಬಾಯಿ ತೆರೆದ ಪೀಕದಾನಿಯಾಗಿ ವಕೀಲರ ಮನೆ ಸೇರಿದರು. ಸಂಸತ್ತಿಗೆ ಹೋಗಿ ಒಂದು ಮಾತೂ ಆಡದೆ ಬಂದವರೊಬ್ಬರು ಮೇಷ್ಟರ ಮನೆಯ ಬಾಗಿಲಿಗೆ ಅಡ್ಡ ಇಡುವ ದಿಮ್ಮಿಯಾದರು. ಎಪ್ಪತ್ತೈದರ ಬೇಸಗೆಯ ತನಕ ಅದೊಂದು ಸುಗ್ಗಿ.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಜನ ಬಾಗಿಲು ಹಾಕಿಕೊಂಡು ನಕ್ಕರು. ಕ್ರಮೇಣ ಬಾಗಿಲು ಹಾಕಿಕೊಂಡರು, ನಗಲಿಲ್ಲ. ಪೀಕದಾನಿ, ದಿಮ್ಮಿ, ಗೂಟಗಳೆಲ್ಲ ಒಂದೊಂದಾಗಿ ನೀರೊಲೆ ಸೇರಿದವು. ಎಲ್ಲ ಬೂದಿಯಾಯಿತೆಂದು ದಾವೂದ್ ನಂಬಿದ್ದ. ಮರುವರ್ಷ, ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಹಿರೇರ ಅಮಾಸೆ ಇನ್ನೇನು ಬಂತು ಎನ್ನುವಾಗ, ಪೊಲೀಸರು ಅಂಗಡಿಗೆ ಬಂದು ಮೌಲಾ ಸಾಬರನ್ನು ಕರೆದುಕೊಂಡು ಹೋದರು. ದಾವೂದ್ ಮರ ತರಲು ಹೋಗಿದ್ದವನು, ವಿಷಯ ಕೇಳಿ ಠಾಣೆಗೆ ಓಡಿದ.

“ಬಿ.ಎ. ಓದಿ ಕಡಿದು ಕಟ್ಟೆ ಹಾಕಿದ್ದು ಇದೇ ಏನಲೇ?” ಎಂದರು ಸಬ್ ಇನ್ಸ್‌ಪೆಕ್ಟರು.

“ಮಾಡಿದ್ದು ನಾನು ಸಾರ್. ನಮ್ಮಪ್ಪನ್ನ ಬಿಡ್ರಿ, ನನ್ನ ಕೂಡಿಸ್ಕಳ್ರಿ.”

“ನಿನ್ನ ಕೂಡಿಸ್ಕಂಡ್ರೆ ಮಾಲು ತರೋರ್ಯಾರು? ಐಮಂಗಲದ ಕಡೆ ಗೊಲ್ಲರ ಹಟ್ಟ್ಯಾಗೆ ಇನ್ನೂ ಒಂದು ಐತಂತೆ. ಶಾಸಕ ಸಾಹೇಬ್ರ ಕಿವಿಗೆ ಬಿದ್ದೈತೆ. ಶುಕ್ರವಾರ ಅದು ಈ ಮೇಜಿನ ಮ್ಯಾಲಿರ್ಬೇಕು. ಅಲ್ಲೀತನಕ ನಿಮ್ಮಪ್ಪ ನಮ್ಮ ನೆಂಟ.”

ಮೌಲಾ ಸಾಬರು ಮೂಲೆಯಲ್ಲಿ ನೆಲದ ಮೇಲೆ ಕುಳಿತಿದ್ದರು. ಬಲಗೈಯನ್ನು ಎಡಗೈಯಲ್ಲಿ, ಯಾರದೋ ಸಾಮಾನು ಹಿಡಿದಂತೆ, ಹಿಡಿದುಕೊಂಡಿದ್ದರು. ಮಗನನ್ನು ನೋಡಿ ತಲೆ ಅಲ್ಲಾಡಿಸಿದರು. ಹೋಗು ಎಂದೋ ಬೇಡ ಎಂದೋ ದಾವೂದನಿಗೆ ತಿಳಿಯಲಿಲ್ಲ.

ಹಟ್ಟಿಯ ಗೂಟ ಎತ್ತಪ್ಪನದು. ಹೈಸ್ಕೂಲಿನಲ್ಲಿ ದಾವೂದನ ಬೆಂಚಿನವನು, ಈಗ ಕುರಿ ಕಾಯುವವನು. ದಾವೂದ್ ಬಸ್ಸಿಳಿದು ನಡೆದು, ಹಟ್ಟಿಯ ಬೇಲಿಯ ಹತ್ತಿರ ಚಪ್ಪಲಿ ಕಳಚುವಾಗಲೇ ಎತ್ತಪ್ಪ ಎದುರಾದ. ಬಂದ ಕಾರಣ ಕೇಳಿ ಅವನು ಒಮ್ಮೆ ಮನೆಯ ಕಡೆ ತಿರುಗಿ ನೋಡಿದ.

“ಅದೊಂದು ಬಿಟ್ಟು ಬೇರೆ ಏನಾರ ಕೇಳೋ ಮಾರಾಯ.”

“ಯಾಕೆ, ಅಂಗಿ ಹಾಕಾಕೆ ಬೇರೆ ಮೂಗು ಇಲ್ಲೇನು?”

“ಅಂಗಿ ಎಲ್ಲಿ ಹಾಕ್ತೀಯ! ತಂದ ದಿನ ಹಾಕಿದ್ದೆ. ಸಂಜೆ ಕುರಿ ಹೊಡ್ಕಂಡು ಬಂದು ನೋಡ್ತೀನಿ, ಅವ್ವ ಅಂಗಿ ತೆಗ್ದು, ಅದರ ಹಣೆಗೆ ಈಬತ್ತಿ ಹಚ್ಚಿ, ಎದುರಿಗೆ ಕುಂತ್ಬಿಟ್ಟೈತೆ. ಅಪ್ಪ ಸತ್ತು ನಾಕು ವರ್ಷ ಆತು. ಒಂದು ಪಟ ಇಲ್ಲ. ‘ನಿಮ್ಮಪ್ಪನ್ನ ಯಾರೋ ಕೆತ್ತಿದ್ದು?’ ಅಂತ ಕೇಳ್ತು. ಶಾಸಕರ ಮುಖನ ಅದೆಲ್ಲಿ ಕಂಡೈತೆ? ನಂಗೆ ಬಾಯಿ ಬರ್ಲಿಲ್ಲ. ಹಿರಿಯೂರಾಗೆ ಒಬ್ರು ಸಾಬ್ರು ಅಪ್ಪನ್ನ ಸಂತ್ಯಾಗೆ ಕಂಡಿದ್ರಂತೆ ಅಂದ್ಬಿಟ್ಟೆ. ಹೋದ ವರ್ಷ ಹಿರೇರ ಹಬ್ಬಕ್ಕೆ ಅದರ ಮುಂದೇನೇ ಎಡೆ ಇಟ್ವಿ.”

“ನಮ್ಮಪ್ಪ ಠಾಣ್ಯಾಗವ್ನೆ, ಎತ್ತಪ್ಪ.”

“ನಮ್ಮಪ್ಪ ಗ್ವಾಡೆ ಮ್ಯಾಲವ್ನೆ.”

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮಾತು. ಇಬ್ಬರೂ ನೆಲ ನೋಡಿದರು. ಕೊನೆಗೆ ಎತ್ತಪ್ಪನೇ, “ಬಾ, ನೀನೇ ಕೇಳು. ಕೊಟ್ರೆ ತಗಂಡ್ಹೋಗು. ನನ್ನ ಬಾಯಾಗೆ ಬರಾಕಿಲ್ಲ” ಎಂದ.

ಎತ್ತಪ್ಪನ ಅವ್ವ ನಾಗಕ್ಕ ಜಗಲಿಯ ಮೇಲೆ ನವಣೆ ಕೇರುತ್ತಿದ್ದಳು. ಒಳಗೆ ಗೋಡೆಯಲ್ಲಿ ಗೂಟ ಕಾಣುತ್ತಿತ್ತು. ದಾವೂದ್ ಯಾವ ಮೂಗನ್ನು ಉಬ್ಬಿಸಿ ಉಬ್ಬಿಸಿ ನಕ್ಕಿದ್ದನೋ ಆ ಮೂಗಿನ ಮೇಲೆ ಹೆಗಲಿಗೆ ಹಾಕುವ ಹೊಸ ವಲ್ಲಿಯೊಂದು ನಾಲ್ಕು ಮಡಿಕೆಯಾಗಿ ಕುಳಿತಿತ್ತು.

“ಇವ್ರೇ ಕಣವ್ವ, ಅದನ್ನ ಮಾಡಿದ ಸಾಬ್ರು” ಎಂದ ಎತ್ತಪ್ಪ.

ನಾಗಕ್ಕ ಮೊರ ಕೆಳಗಿಟ್ಟಳು. ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

“ಇಷ್ಟು ಸಣ್ಣ ಹುಡುಗ! ಕುಂತ್ಕಳಪ್ಪ. ನಮ್ಮೋರ್ನ ನೀನು ಕಂಡಿದ್ದು ಯಾವ ಸಂತ್ಯಾಗೆ?”

“ಹಿರಿಯೂರು ಸಂತ್ಯಾಗೆ, ಅವ್ವ” ಎಂದ ದಾವೂದ್. ಸುಳ್ಳು ಇಷ್ಟು ಭಾರವಾಗಿದ್ದುದು ಅವನಿಗೆ ಅದೇ ಮೊದಲು.

“ಮೂಗು ಅಷ್ಟುದ್ದ ಇರ್ಲಿಲ್ಲ ಬಿಡು. ಕುರಿ ಮಾರಾಗ ಅವ್ರು ಮೂಗು ಎತ್ಗಂಡು ನಿಲ್ಲೋರು, ನಿಂಗೆ ಹಂಗೆ ಕಂಡೈತೆ. ಎಡಗಣ್ಣು ಒಂಚೂರು ಸಣ್ಣದು. ಮಾತಾಡೋ ಮುಂಚೆ ತುಟಿ ಹಿಂಗೆ ಒತ್ಕಳೋರು.” ನಾಗಕ್ಕ ಒತ್ತಿ ತೋರಿಸಿದಳು. “ಸಿಟ್ಟು ಬಂದ್ರೂ ಒತ್ಕಳೋರು, ನಗು ಬಂದ್ರೂ ಒತ್ಕಳೋರು. ಯಾವ್ದು ಅಂತ ನಂಗೊಬ್ಬಳಿಗೇ ತಿಳೀತಿತ್ತು. ನಿಮ್ಮಪ್ಪ ಚೆನ್ನಾಗವ್ರೇನಪ್ಪ?”

“ಅವ್ರೆ, ಅವ್ವ.”

ಅವಳು ಎಲೆಯಲ್ಲಿ ಬೆಣ್ಣೆ ಕಟ್ಟಿ ಕೊಟ್ಟಳು. ದಾವೂದ್ ಬಂದದ್ದೇಕೆಂದು ಹೇಳಲಿಲ್ಲ. ಹೇಳಿದ್ದರೆ ಅವಳು ಕೊಟ್ಟುಬಿಡುತ್ತಿದ್ದಳೆಂದು ಅವನಿಗೆ ಅನ್ನಿಸಿತು, ಅದಕ್ಕೇ ಹೇಳಲಿಲ್ಲ. ಇನ್ನೊಂದು ಕೆತ್ತಿದರಾಯಿತು, ಪೊಲೀಸರಿಗೇನು ಗೂಟದ ಗುರುತು ಇದೆಯೇ, ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಕುಳಿತ. ಶಾಸಕರ ಮುಖ ಮಾಡಿಕೊಳ್ಳಲು ಹೋದ. ಹುಬ್ಬು ಎತ್ತಿದ, ಕೆನ್ನೆ ಉಬ್ಬಿಸಿದ. ಮುಖ ಬರಲಿಲ್ಲ. ಅವರ ಭಾಷಣದ ಎರಡು ಸಾಲು ಅದೇ ದನಿಯಲ್ಲಿ ಹೇಳಿ ನೋಡಿದ. ದನಿ ಬಂತು, ಮುಖ ಬರಲಿಲ್ಲ. ಉಳಿ ಹಿಡಿದಾಗಲೆಲ್ಲ ತುಟಿಗಳು ತಾವಾಗಿ ಒತ್ತಿಕೊಳ್ಳುತ್ತಿದ್ದವು. ರುಮಾಲು ಬಂತು, ಮೀಸೆಯೂ ಬಂತು. ಮೂಗು ಮಾತ್ರ ಮನುಷ್ಯರ ಮೂಗಿನಷ್ಟೇ ಆಗಿ ನಿಂತಿತು. ಎಡಗಣ್ಣು ಒಂಚೂರು ಸಣ್ಣದಾಯಿತು. ತಾನು ಒಮ್ಮೆಯೂ ಕಾಣದ ಕುರಿಗಾಹಿಯೊಬ್ಬ, ಹೆಂಡತಿಗೆ ಏನೋ ಹೇಳಲು ಹೊರಟವನು, ಬೇವಿನ ಮರದಿಂದ ಅವನನ್ನೇ ನೋಡತೊಡಗಿದ. ಕೆಡಿಸಬೇಕೆಂದು ದಾವೂದ್ ಎರಡು ಸಲ ಉಳಿ ಎತ್ತಿದ. ಬೇರೆ ತುಂಡು ಹುಡುಕಲು ಹೊತ್ತಿರಲಿಲ್ಲ, ಶುಕ್ರವಾರ ಬಂದಿತ್ತು.

ಸಬ್ ಇನ್ಸ್‌ಪೆಕ್ಟರು ಗೋಣಿ ಬಿಚ್ಚಿ, ಅದನ್ನು ಮೇಜಿನ ಮೇಲೆ ನಿಲ್ಲಿಸಿದರು. ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಇದರಾಗೆ ಲೇವಡಿ ಎಲ್ಲೈತಲೇ?”

ಶಾಸಕ ಸಾಹೇಬರು ಪ್ರವಾಸಿ ಮಂದಿರದಲ್ಲೇ ಇದ್ದರು. ಗೂಟ ಜೀಪು ಹತ್ತಿತು. ಅಪ್ಪ ಮಗ ಗೋಡೆಗೆ ಒರಗಿ ಕಾದರು. ಮೌಲಾ ಸಾಬರ ಬಲಗೈ ಬದನೆಕಾಯಿಯಂತೆ ಊದಿತ್ತು; ಬೆರಳು ಮಡಿಚಲು ಬರುತ್ತಿರಲಿಲ್ಲ.

“ಹಟ್ಟಿಯದು ತಂದೆಯಾ?” ಎಂದು ಕೇಳಿದರು.

“ಇಲ್ಲ ಅಬ್ಬಾ. ಬೇರೆ ಮಾಡಿದೆ.”

“ನೋಡಿದೆ. ಯಾರದು ಆ ಮುಖ?”

ಉತ್ತರ ಕೊಡುವಷ್ಟರಲ್ಲಿ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ ದನಿ ಬೆಣ್ಣೆಯಾಗಿತ್ತು.

“ಸಾಹೇಬ್ರು ಭಾರಿ ಮೆಚ್ಕಂಡ್ರಪ್ಪ! ‘ನಾನು ಇಷ್ಟು ಶಾಂತವಾಗಿ ಕಾಣ್ತೀನೇನ್ರೀ’ ಅಂತ ಕನ್ನಡಿ ತರ್ಸಿ ನೋಡ್ಕಂಡ್ರು. ಮನೆ ಪಡಸಾಲ್ಯಾಗೆ ಇಡಿಸ್ತಾರಂತೆ. ಯಾರೋ ಹೊಟ್ಟೆಕಿಚ್ಚಿನೋರು ದೂರು ಕೊಟ್ಟವ್ರೆ. ಕರ್ಕಂಡ್ಹೋಗು ನಿಮ್ಮಪ್ಪನ್ನ. ಹಾಂ, ಇಂಥದೇ ಪಂಚಾಯ್ತಿಗೊಂದು ಬೇಕಂತೆ. ಇದೇ ಮುಖ, ಹಿಂಗೇ. ಮಾಡ್ಕೊಡ್ತೀಯಲ್ಲ?”

ಹಟ್ಟಿಯ ಗೂಟದ ಮಾತನ್ನು ಯಾರೂ ಎತ್ತಲಿಲ್ಲ. ದಾವೂದ್ ಅಪ್ಪನ ಕೈ ನೋಡಿದ.

“ಮಾಡ್ಕೊಡ್ತೀನಿ ಸಾರ್” ಎಂದ. ಯಾರ ದನಿಯನ್ನೂ ಅನುಕರಿಸದ, ಸ್ವಂತ ದನಿಯಲ್ಲೇ ಬಂತು ಆ ಮಾತು.

ಹೊರಗೆ ಬಿಸಿಲು ಸುಡುತ್ತಿತ್ತು. ದಾವೂದ್ ಅಪ್ಪನ ತೋಳು ಹಿಡಿದು ಮೆಟ್ಟಿಲಿಳಿಸಿದ. ಮೌಲಾ ಸಾಬರು ಕೊನೆಯ ಮೆಟ್ಟಿಲ ತನಕ ಹಿಡಿಸಿಕೊಂಡರು. ಆಮೇಲೆ ಮೆಲ್ಲಗೆ ತೋಳು ಬಿಡಿಸಿಕೊಂಡು ಮಗನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು.