ಪೊರೆ ಬಲಿಯಲಿ ಎಂದು

ನಮ್ಮ ಅಪ್ಪಯ್ಯನ ಹೆಸರು ಗಿಡ್ಡಯ್ಯ. ಆಳು ಮಾತ್ರ ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವುದು ಅವನ ಕೆಲಸ. ಇಂಥವರನ್ನು ಕೊನೆಗೌಡ ಎನ್ನುತ್ತಾರೆ. ಕೊನೆಗೌಡ ಎಂದರೆ ಬರೀ ಮರ ಹತ್ತುವವನಲ್ಲ. ಯಾವ ತೋಟದ ಕೊನೆ ಈ ವಾರ ಇಳಿಸಬೇಕು, ಯಾವುದು ಇನ್ನೂ ಹದಿನೈದು ದಿನ ಮರದಲ್ಲೇ ಇರಬೇಕು ಎಂದು ತೀರ್ಮಾನ ಮಾಡುವವನೂ ಅವನೇ. ಎಳೆಯದನ್ನು ಇಳಿಸಿದರೆ ತೂಕ ಬರುವುದಿಲ್ಲ, ತಡ ಮಾಡಿದರೆ ಹಣ್ಣಾಗಿ ಬೆಲೆ ಬೀಳುತ್ತದೆ. ಹಿರೇಕೊಡಿಗೆಯಿಂದ ಅಡ್ಡಗದ್ದೆಯವರೆಗೆ ತೋಟದ ಯಜಮಾನರೆಲ್ಲ ಅಪ್ಪಯ್ಯನ ಬಾಯಿ ನೋಡಿಕೊಂಡು ಕೂರುತ್ತಿದ್ದರು. ಅವನು ಕೆಳಗೆ ನಿಂತು, ಕತ್ತೆತ್ತಿ ನೋಡಿ, "ಬಲ್ತಿಲ್ಲ" ಅಂದನೆಂದರೆ ಮುಗಿಯಿತು. ನಲವತ್ತು ವರ್ಷ ಹೀಗೇ ನಡೆದಿದೆ.

ಅಮ್ಮನ ಕಣ್ಣಿನ ವಿಷಯದಲ್ಲೂ ಹೀಗೇ ನಡೆಯಿತು.

ಅಮ್ಮ ಮೊದಲ ಸಲ ಹೇಳಿದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ. ಅವಳಿಗೆ ಆಗ ಐವತ್ತೆಂಟು. ನಾನು ನರಸಿಂಹರಾಜಪುರದ ಗಂಡನ ಮನೆ ಬಿಟ್ಟು ವಾಪಸು ಬಂದ ವರ್ಷ ಅದು. ಯಾಕೆ ಬಿಟ್ಟೆ ಎಂಬುದು ಬೇರೆ ಕಥೆ, ಇಲ್ಲಿ ಬೇಡ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು, "ಎಡಗಣ್ಣು ಯಾಕೋ ಮಬ್ಬು ಮಬ್ಬು ಕಣೇ ಮಲ್ಲಿಕಾ" ಅಂದಳು. ಪಕ್ಕದ ಮನೆಯ ವಸಂತಮ್ಮ ಅಲ್ಲೇ ಇದ್ದಳು. "ಪೊರೆ ಬಂದಿರ್ತದೆ, ಎಂತ ಹೆದರ್ಕಂತಿ? ನಂಗೆ ಬಂದಿರ್ಲಿಲ್ವಾ?" ಅಂದಳು.

ವಸಂತಮ್ಮನ ಕಣ್ಣಿನ ಕಥೆ ಊರಿಗೆಲ್ಲ ಗೊತ್ತಿತ್ತು. ಕೊಪ್ಪದಲ್ಲಿ ಯಾವುದೋ ಕಣ್ಣಿನ ಕ್ಯಾಂಪಿಗೆ ಹೋದಾಗ ಮೊದಲ ವರ್ಷ "ಪೊರೆ ಬಲಿತಿಲ್ಲ, ಮುಂದಿನ ವರ್ಷ ಬನ್ನಿ" ಎಂದು ವಾಪಸು ಕಳಿಸಿದ್ದರು. ಮುಂದಿನ ವರ್ಷದ ಹೊತ್ತಿಗೆ ಕಪ್ಪುಗುಡ್ಡೆಯ ನಡುವೆ ಅನ್ನದಗುಳಿನಷ್ಟು ಬಿಳಿ ಕಾಣಿಸಿತು. ಹೋದಳು, ಆಪರೇಶನ್ ಆಯಿತು, ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿಳಿದಳು. ತಿಂಗಳೊಳಗೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೇರಿ, ಕಲ್ಲು ಆರಿಸಿ ಎಸೆಯುತ್ತಿದ್ದಳು. ಹಾಗಾಗಿ ಪೊರೆಯ ಬಗ್ಗೆ ನಮಗೆಲ್ಲ ಗೊತ್ತಿತ್ತು. ತೊಂದರೆ ಆದದ್ದೇ ಅಲ್ಲಿ. ಏನೂ ಗೊತ್ತಿರದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆವು.

ಅಪ್ಪಯ್ಯ ಅಮ್ಮನನ್ನು ಜಗಲಿಯ ತುದಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿದ. ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಎಡಗಣ್ಣು ನೋಡಿದ, ಬಲಗಣ್ಣು ನೋಡಿದ.

"ಕಪ್ಪಗೇ ಇದೆ ಮಾರಾಯ್ತಿ. ಬಲ್ತಿಲ್ಲ."

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಅಮ್ಮ ತಲೆಗೆ ನೀರು ಹಾಕಿಕೊಂಡ ದಿನ ಕೂದಲು ಒಣಗಿಸಿಕೊಳ್ಳಲು ಜಗಲಿಗೆ ಬರುತ್ತಿದ್ದಳು, ಅಪ್ಪಯ್ಯ ರೆಪ್ಪೆ ಎತ್ತಿ ನೋಡುತ್ತಿದ್ದ. ಅಮ್ಮನಿಗೆ ಅದರಲ್ಲಿ ಒಂಚೂರು ಖುಷಿಯೂ ಇತ್ತು ಅಂತ ನನ್ನ ಗುಮಾನಿ. ಅಷ್ಟು ಹತ್ತಿರ ಬಂದು ಅವನು ಅವಳ ಮುಖ ನೋಡಿ ಎಷ್ಟು ಕಾಲವಾಗಿತ್ತೋ.

ಆ ವರ್ಷವೂ ಕೊಪ್ಪದ ಕಲ್ಯಾಣ ಮಂಟಪದಲ್ಲಿ ಕ್ಯಾಂಪ್ ಇತ್ತು. ಶಾಲೆಯ ಗೋಡೆಗೆ ಚೀಟಿ ಅಂಟಿಸಿದ್ದರು. ನಾನು ಆಗಷ್ಟೇ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದೆ. ಒಂದು ದಿನ ತಪ್ಪಿಸಿದರೂ ಆ ಜಾಗಕ್ಕೆ ಕಾದು ಕೂತವರು ನಾಲ್ಕು ಜನ ಇದ್ದರು. ಆದರೂ ಅಪ್ಪಯ್ಯನನ್ನು ಕೇಳಿದೆ, "ಅಮ್ಮನ್ನ ಕರ್ಕಂಡು ಹೋಗ್ಲಾ?"

"ಬಲೀದೆ ಹೋಗಿ ಎಂತ ಮಾಡ್ತಿ? ವಸಂತಮ್ಮನ ಹಂಗೆ ವಾಪಸ್ ಕಳಿಸ್ತಾರೆ. ಒಂದಿನದ ಕೆಲಸ ದಂಡ."

ನನಗೆ ಸಮಾಧಾನವಾಯಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಸಮಾಧಾನವಾಯಿತು.

ಆಮೇಲಿನ ಎರಡು ವರ್ಷ ಅಮ್ಮ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋದಳು, ಉಳಿದ ದಿನ ತೋಟದ ಕೂಲಿಗೆ ಹೋದಳು. ಅಡಿಕೆ ಸುಲಿಯಲು ಕಣ್ಣು ಬೇಕಿಲ್ಲ. ಮೆಟ್ಟುಗತ್ತಿಯ ಮಣೆಯ ಮೇಲೆ ಕೂತು, ನಿಂತ ಅಲಗಿಗೆ ಕಾಯಿ ಒತ್ತಿ ತಿರುಗಿಸಿದರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ. ಅವಳ ಬೆರಳುಗಳಿಗೆ ಅದು ಹುಡುಗಿಯಾಗಿದ್ದಾಗಿನಿಂದ ಗೊತ್ತು. ಎಲ್ಲರಷ್ಟೇ ಡಬ್ಬ ತುಂಬಿಸುತ್ತಿದ್ದಳು. ಹಾಗಾಗಿ ಯಾರಿಗೂ ಏನೂ ಅನ್ನಿಸಲಿಲ್ಲ. ಎಡಭುಜ ಬಾಗಿಲಿಗೆ ತಾಗುತ್ತಿತ್ತು. ಎಡಕ್ಕೆ ಇಟ್ಟ ಚೊಂಬು ಉರುಳುತ್ತಿತ್ತು. "ಎಂತ ಕಮಲಕ್ಕ, ಕಂಡಲ್ಲೆಲ್ಲ ಡಿಕ್ಕಿ ಹೊಡಿತ್ಯಲ್ಲ, ಬಸ್ಸಾ ನೀನು?" ಎಂದು ವಸಂತಮ್ಮ ಕೇಳಿದರೆ ಅಮ್ಮನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಎರಡು ಸಾವಿರದ ಐದರಲ್ಲಿ ಒಂದು ದಿನ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಜೀಪಿಗೆ ನೇರ ಅಡ್ಡ ಹೋದಳು. ಡ್ರೈವರ್ ಬ್ರೇಕ್ ಒತ್ತಿ, ಇಳಿದು ಬಂದು, ಬಾಯಿಗೆ ಬಂದಂತೆ ಬೈದ. ಅಮ್ಮ, "ಜೀಪ್ ಎಲ್ಲಿತ್ತು?" ಎಂದು ಕೇಳಿದಳು. ಅದು ಅವಳ ಸೆರಗಿಗೆ ತಾಗಿ ನಿಂತಿತ್ತು.

ಅಪ್ಪಯ್ಯ ಅಂದು ಸಂಜೆ ರೆಪ್ಪೆ ಎತ್ತಿ ಬಹಳ ಹೊತ್ತು ನೋಡಿದ. "ಬಿಳಿ ಏನೂ ಇಲ್ಲ. ಒಳಗಿಂದ ಬಲ್ತಿರ್ಬೋದು. ಹೋಗಿ ಬರನ" ಅಂದ.

ಕೊಪ್ಪದ ಕ್ಯಾಂಪಿನಲ್ಲಿ ಮೂವರೂ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತೆವು. ಅಕ್ಷರದ ಬೋರ್ಡಿನ ಮುಂದೆ ನಿಲ್ಲಿಸಿದರು, ಓದು ಬಾರದವರಿಗೆ ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ಗಂಟಲು ಕೂತುಹೋಗಿತ್ತು. ಅಮ್ಮನ ಗಲ್ಲವನ್ನು ಒಂದು ಮಿಷನ್ನಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಬೇರೆ ಯಾರನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ನರ್ಸು ಅಮ್ಮನನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋದಳು. ನಮ್ಮಿಬ್ಬರನ್ನು ಮಾತ್ರ ಒಳಗೆ ಉಳಿಸಿಕೊಂಡರು.

"ಪೊರೆ ಸ್ವಲ್ಪ ಇದೆ, ಅದೇನೂ ದೊಡ್ಡದಲ್ಲ. ಇವರಿಗೆ ಗ್ಲಾಕೋಮಾ. ಕಣ್ಣಿನ ಒಳಗೆ ಒತ್ತಡ ಜಾಸ್ತಿಯಾಗಿ ನರ ಹಾಳಾಗ್ತಾ ಬರುತ್ತೆ. ನೋವಿರಲ್ಲ, ಕೆಂಪಾಗಲ್ಲ. ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲಿ ಸುತ್ತಲಿಂದು ಹೋಗಿ ನಡುವಿನದು ಉಳಿದಿದೆ."

"ಆಪರೇಶನ್ ಮಾಡಿದ್ರೆ?" ಅಪ್ಪಯ್ಯ ಕೇಳಿದ.

"ಏನೇ ಮಾಡಿದ್ರೂ ಹೋಗಿರೋದು ಬರಲ್ಲ. ಉಳಿದಿರೋದನ್ನ ಉಳಿಸ್ಕೋಬೇಕು. ದಿನಾ ಎರಡು ಹೊತ್ತು ಡ್ರಾಪ್ಸ್ ಹಾಕ್ಬೇಕು, ಬದುಕಿರೋವರೆಗೂ. ಒಂದು ದಿನಾನೂ ತಪ್ಪಿಸ್ಬಾರದು. ಮಬ್ಬು ಶುರುವಾದಾಗಲೇ ಯಾಕೆ ಕರ್ಕೊಂಡು ಬರಲಿಲ್ಲ?"

"ಬಲೀಲಿ ಅಂತ ಕಾದ್ವಿ ಸ್ವಾಮಿ."

"ಪೊರೆಗೇ ಈಗ ಯಾರೂ ಬಲೀಲಿ ಅಂತ ಕಾಯಲ್ಲ. ಬಲಿತಿಲ್ಲ ಅಂತ ನಿಮಗೆ ಹೇಳಿದೋರು ಯಾರು?"

ಅಪ್ಪಯ್ಯ ತನ್ನ ಹೆಬ್ಬೆರಳು ನೋಡಿಕೊಂಡ. ಡಾಕ್ಟರು ನನ್ನ ಕಡೆ ನೋಡಿದರು. ಆ ಹೊತ್ತಿನಲ್ಲಿ ನನಗೆ ದುಃಖ ಆಗಬೇಕಿತ್ತು. ಏನೂ ಆಗಲಿಲ್ಲ. ಕೈಕಾಲು ಜೋಮು ಹಿಡಿದರೆ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಮೈಯೆಲ್ಲ ಹಾಗಿತ್ತು.

ಹೊರಗೆ ಅಮ್ಮ ಬೆಂಚಿನಲ್ಲಿ ಕೂತು ನಮ್ಮ ಹೆಜ್ಜೆ ಸದ್ದಿಗೆ ಮುಖ ಎತ್ತಿದಳು. "ಎಂತ ಅಂದ್ರು?"

"ಇನ್ನೂ ಬಲ್ತಿಲ್ಲಂತೆ. ಔಷಧಿ ಬರ್ದಿದಾರೆ. ದಿನಾ ಹಾಕ್ಕಂಡ್ರೆ ಬಲೀತದಂತೆ, ಆಮೇಲೆ ಆಪರೇಶನ್" ಅಂದ ಅಪ್ಪಯ್ಯ.

ಹೇಳಿ ನನ್ನ ಮುಖ ನೋಡಿದ. ಆಗ ನಾನು ಬಾಯಿ ಬಿಡಬಹುದಿತ್ತು. ಅಮ್ಮನ ಮುಖ ಅರಳಿತ್ತು, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಮೊದಲನೇ ಕ್ಯಾಂಪಿಗೆ ಯಾಕೆ ಹೋಗಲಿಲ್ಲ ಎಂದು ಅವಳು ಕೇಳಿದರೆ ನನ್ನ ಕೆಲಸದ ಮಾತು ಹೇಳಬೇಕಾಗುತ್ತಿತ್ತು. ಇನ್ನರ್ಧ ಅದು.

ಒಂದು ವರ್ಷ ಕಳೆಯಿತು. ತಿಂಗಳಿಗೊಂದು ಬಾಟಲಿಯಂತೆ ನಾನೇ ಕೊಪ್ಪದ ಮೆಡಿಕಲ್ಲಿನಿಂದ ಡ್ರಾಪ್ಸ್ ತರುತ್ತಿದ್ದೆ. ಅಮ್ಮ ಯಾರ ಕೈಗೂ ಕೊಡದೆ ತಾನೇ ಹಾಕಿಕೊಳ್ಳುತ್ತಿದ್ದಳು. ಕೊಪ್ಪದ ಆಸ್ಪತ್ರೆಗೆ, ಅದೇ ಡಾಕ್ಟರ ಹತ್ತಿರ, ಎರಡು ಸಲ ಚೆಕಪ್ಪಿಗೆ ಹೋದೆವು, ಎರಡು ಸಲವೂ ಒತ್ತಡ ಹತೋಟಿಯಲ್ಲಿದೆ ಎಂದು ಡಾಕ್ಟರು ನನಗೆ ಹೇಳಿದರು. "ಎಂತ, ಬಲ್ತಿದ್ಯಾ?" ಎಂದು ಅಮ್ಮ ಕೇಳುವಳು. "ಬಲೀತಾ ಇದೆ" ಎಂದು ನಾನು ಹೇಳುವೆ. ಹೇಳಿ ಹೇಳಿ ಸುಲಭವಾಗಿಹೋಯಿತು.

ಅಪ್ಪಯ್ಯ ರೆಪ್ಪೆ ಎತ್ತಿ ನೋಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವಳಿಗೆ ಅನುಮಾನ ಬರುತ್ತದಲ್ಲ. ಎಲ್ಲ ಗೊತ್ತಿದ್ದೂ ಜಗಲಿಯಲ್ಲಿ ಕೂರಿಸಿ, ಹೆಬ್ಬೆರಳಿಟ್ಟು ನೋಡಿ, "ಒಂಚೂರು ಬಿಳಿ ಕಂಡಂಗಿದೆ" ಅನ್ನುತ್ತಿದ್ದ. ನನಗೆ ಅವನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತಿತ್ತು. ಒಳಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದೆ.

ಮುಂದಿನ ಸುಗ್ಗಿಯಲ್ಲಿ ಯಾರಿಗೂ ಬಿಡುವಾಗಲಿಲ್ಲ, ಚೆಕಪ್ ತಪ್ಪಿತು. ಎರಡು ಸಾವಿರದ ಏಳರ ಫೆಬ್ರವರಿಯಲ್ಲಿ ಮತ್ತೆ ಕರೆದುಕೊಂಡು ಹೋದೆವು. ಅಮ್ಮ ಹಿಂದಿನ ವಾರದಿಂದ ಗೋಡೆ ಮುಟ್ಟಿಕೊಂಡು ಓಡಾಡುತ್ತಿದ್ದಳು. ಆದರೆ ಗೆಲುವಾಗಿದ್ದಳು. ಬಸ್ಸಿನಲ್ಲಿ, "ಈ ಸಲ ಆಪರೇಶನ್ನಿಗೆ ಬರ್ಕಂತಾರೆ ನೋಡು" ಅಂದಳು.

ಡಾಕ್ಟರು ಒತ್ತಡ ಅಳೆದರು. ಮತ್ತೊಮ್ಮೆ ಅಳೆದರು. "ಡ್ರಾಪ್ಸ್ ಸರಿಯಾಗಿ ಹಾಕ್ತಿದೀರಾ ಅಮ್ಮ?"

"ನಾಕು ತಿಂಗಳಿಂದ ಹಾಕ್ಕಂಡಿಲ್ಲ ಸಾರ್" ಅಂದಳು ಅಮ್ಮ. ಹೆದರಿಕೆಯಿಂದಲ್ಲ, ಏನೋ ಜಾಣತನ ಮಾಡಿದವಳ ಹಾಗೆ ಹೇಳಿದಳು.

ನಾನು ತಂದ ಬಾಟಲಿಗಳೆಲ್ಲ ಖಾಲಿಯಾಗಿದ್ದವು. ಒಂದೊಂದನ್ನೂ ನಾನೇ ನೋಡಿದ್ದೆ.

"ಯಾಕಮ್ಮಾ?"

"ಒಂದ್ವರ್ಷ ಹಾಕ್ಕಂಡೆ, ಬಲೀಲೇ ಇಲ್ಲ. ನಮ್ಮ ಪಕ್ಕದ ಮನೆ ವಸಂತಮ್ಮ ಎಂತ ಔಷಧಿನೂ ಹಾಕ್ಕಂಡಿರ್ಲಿಲ್ಲ, ಒಂದೇ ವರ್ಷಕ್ಕೆ ಬಲೀತು. ಅವಳೇ ಹೇಳಿದ್ಲು, ನಿನ್ನ ಔಷಧಿನೇ ಅದನ್ನ ತಡೀತಾ ಇದೆ ಅಂತ. ಇವ್ರಿಗೆ ಹೇಳಿದ್ರೆ ಬೈತಾರೆ, ಅದ್ಕೇ ಬಚ್ಚಲಿಗೆ ಚೆಲ್ತಿದ್ದೆ. ಈಗ ಬಲ್ತಿದೆ ಸಾರ್, ನಂಗೇ ಗೊತ್ತಾಗ್ತದೆ. ಪೂರ್ತಿ ಮಬ್ಬಾಗಿದೆ."

ಡಾಕ್ಟರು ಅಪ್ಪಯ್ಯನನ್ನು ನೋಡಿದರು. ಅಪ್ಪಯ್ಯ ನೆಲ ನೋಡುತ್ತಿದ್ದ. ಅವರು ಕುರ್ಚಿಯನ್ನು ಅಮ್ಮನ ಹತ್ತಿರ ಎಳೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಅಮ್ಮಾ, ಇದು ಬಲಿಯೋ ಕಾಯಿಲೆ ಅಲ್ಲ. ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದಿದ್ದು ಹೋಗದ ಹಾಗೆ ಇರ್ಲಿ ಅಂತ ಡ್ರಾಪ್ಸ್ ಕೊಟ್ಟಿದ್ದು. ನಿಮ್ಮ ಯಜಮಾನರಿಗೂ ಮಗಳಿಗೂ ಮೊದಲನೇ ದಿನವೇ ಹೇಳಿದ್ದೆ. ಇವರು ಹೇಳಲಿಲ್ವಾ?"

ಅಮ್ಮ ಡಾಕ್ಟರ ದನಿ ಬಂದ ಕಡೆಗೇ ಮುಖ ಇಟ್ಟುಕೊಂಡು, "ಹೇಳಿದ್ರು ಸಾರ್. ನಂಗೇ ಮರ್ತೋಗಿತ್ತು" ಅಂದಳು.

ಬೇರೆ ಡ್ರಾಪ್ಸ್ ಬರೆದುಕೊಟ್ಟರು. ಶಿವಮೊಗ್ಗಕ್ಕೆ ಹೋಗಿ ತೋರಿಸಲು ಚೀಟಿ ಕೊಟ್ಟರು, ಅಲ್ಲಿಗೂ ಹೋಗಿ ಬಂದೆವು, ಅವರೂ ಇದನ್ನೇ ಹೇಳಿದರು. ಬಲಗಣ್ಣಿನ ನಡುವೆ ಒಂದಿಷ್ಟು ಜಾಗ ಉಳಿದಿದೆ. ಮುಖದ ಎದುರು ಹತ್ತಿರ ಬಂದು ನಿಂತರೆ ಯಾರೆಂದು ಗೊತ್ತಾಗುತ್ತದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಇಲ್ಲ.

ಕೊಪ್ಪದಿಂದ ವಾಪಸು ಬರುವಾಗ ಅಮ್ಮ ಕಿಟಕಿ ಕಡೆ ಕೂತಿದ್ದಳು, ನಾನು ಪಕ್ಕದಲ್ಲಿ, ಅಪ್ಪಯ್ಯ ಹಿಂದಿನ ಸೀಟಿನಲ್ಲಿ. ಮೂರು ಸ್ಟಾಪು ಕಳೆದ ಮೇಲೆ ಅವಳು ಮುಖ ತಿರುಗಿಸದೆ ಕೇಳಿದಳು.

"ನಿಂಗೂ ಗೊತ್ತಿತ್ತಾ ಮಲ್ಲಿಕಾ?"

"ಹೂಂ" ಅಂದೆ.

ಅಪ್ಪಯ್ಯ ಈಗಲೂ ಕೆಲಸಕ್ಕೆ ಹೋಗುತ್ತಾನೆ. ಯಜಮಾನರು ಈಗಲೂ ಅವನನ್ನೇ ಕೇಳುತ್ತಾರೆ, ಅವನು ಈಗಲೂ ಸರಿಯಾಗಿಯೇ ಹೇಳುತ್ತಾನೆ. ಮನೆಯಲ್ಲಿ ಅಮ್ಮ ಅವನಿಗೆ ಊಟ ಬಡಿಸುತ್ತಾಳೆ, ಅನ್ನ ಸಾಕೋ ಬೇಕೋ ಕೇಳುತ್ತಾಳೆ. ನಮ್ಮಿಬ್ಬರ ಮೇಲೂ ಒಂದು ದಿನವೂ ಕೂಗಾಡಿದವಳಲ್ಲ. ಕೂಗಾಡಲಿ ಎಂದು ನಾನು ಕಾದದ್ದೂ ಇದೆ.

ಡ್ರಾಪ್ಸ್ ಈಗ ನಾನೇ ಹಾಕುತ್ತೇನೆ, ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಒಂದು ಹೊತ್ತೂ ತಪ್ಪಿಲ್ಲ. ಅವಳ ನೇರ ಎದುರಿಗೆ ಮೊಣಕಾಲೂರಿ ಕೂರುತ್ತೇನೆ, ಅವಳಿಗೆ ಕಾಣಿಸುವ ಅಷ್ಟು ಜಾಗದೊಳಗೆ ನನ್ನ ಮುಖ ಇರುತ್ತದೆ. ಅವಳು ತಲೆ ಹಿಂದಕ್ಕೆ ಹಾಕುತ್ತಾಳೆ. ಹನಿ ಬಿದ್ದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿರಬೇಕು ಎಂದು ನರ್ಸು ಹೇಳಿದ್ದಾಳೆ. ಒಂದೊಂದು ದಿನ ನಾನು ಹತ್ತು ನಿಮಿಷ, ಕಾಲು ಗಂಟೆ ಕೂತು ನೋಡಿದ್ದೇನೆ. ನಾನು ಎದ್ದು ಒಳಗೆ ಹೋಗುವವರೆಗೂ ಅಮ್ಮ ಕಣ್ಣು ತೆಗೆಯುವುದಿಲ್ಲ.