ಗೊಗ್ಗರದ ಮೇಲಿನ ನಾಲ್ಕು ಸ್ವರ

ಮಧ್ಯಾಹ್ನ ಎರಡಕ್ಕೆ ಕಂಪ್ಯೂಟರಿನ ಮುಂದೆ ಕೂತವಳು ಮಗಳು ಶಾಲೆಯಿಂದ ಬರುವುದರೊಳಗೆ ಏಳಬೇಕಿತ್ತು. ನಾಟಕ ತಂಡದ ವಾದ್ಯದವರಿಗೆ ಸ್ವರದ ಹಾಳೆ ಬರೆದುಕೊಡುವುದು ಅವಳ ಕೆಲಸ. ಬರೆಯುವ ಸಾಫ್ಟ್‌ವೇರು ಯಾರನ್ನೂ ಕೇಳದೆ ತನ್ನನ್ನು ತಾನೇ ಹೊಸದು ಮಾಡಿಕೊಂಡಿತ್ತು. ಪಿಟೀಲು, ಕ್ಲಾರಿನೆಟ್ಟಿನಂಥ ಲೋಕವೆಲ್ಲ ಬಲ್ಲ ವಾದ್ಯಗಳು ಕೂದಲೂ ಕೊಂಕದೆ ಉಳಿದಿದ್ದವು. ಅವಳು ಕೈಯಾರೆ ಸೇರಿಸಿದ್ದ ಆರು ವಾದ್ಯಗಳ ವಿವರ ಮಾತ್ರ ಹೇಳಹೆಸರಿಲ್ಲದಂತೆ ಹೋಗಿತ್ತು. ಹೆಸರು, ತೀರಾ ತಗ್ಗಿನ ಸ್ವರ, ತೀರಾ ಮೇಲಿನ ಸ್ವರ, ಎಲ್ಲವನ್ನೂ ಮತ್ತೆ ತುಂಬಬೇಕು. ಸಂಜೆ ಐದಕ್ಕೆ ನಿರ್ದೇಶಕರಿಗೆ ಕಳಿಸಬೇಕು. ನಾಳೆ ಬೆಳಿಗ್ಗೆ ತಾಲೀಮು.

ಐದು ವಾದ್ಯಗಳದ್ದು ಹೇಗೋ ಮುಗಿಯಿತು. ಉಳಿದದ್ದು ಗೊಗ್ಗರ. ನೀರಿನ ತಾಮ್ರದ ಪೈಪಿಗೆ ತೂತು ಕೊರೆದು ಅವಳ ಮಾವನೇ ಮಾಡಿಕೊಂಡ ವಾದ್ಯ. ಅದರ ದನಿ ಕೇಳಿ ತಂಡದವರು ಇಟ್ಟ ಹೆಸರು. ಲೋಕದಲ್ಲಿ ಅದಿರುವುದೇ ಒಂದು, ಊದುವವರೂ ಒಬ್ಬರೇ. ಮೂರನೇ ಅಂಕದಲ್ಲಿ ಉಳಿದೆಲ್ಲ ವಾದ್ಯಗಳೂ ಬಾಯಿ ಮುಚ್ಚಿ ಗೊಗ್ಗರವೊಂದೇ ಹಾಡುವ ಜಾಗವಿದೆ. ಮೂವತ್ತು ವರ್ಷದಿಂದ ಅದು ಮಾವನದು. ಜನ ಬರುವುದೇ ಅದಕ್ಕೆ ಎಂದು ಅವರ ನಂಬಿಕೆ. ಅರ್ಧ ನಿಜವೂ ಹೌದು.

"ಮಾವ, ಗೊಗ್ಗರ ತಗೊಂಡು ಬನ್ನಿ. ಕೆಳಗಿಂದ ಮೇಲಕ್ಕೆ ಒಂದೊಂದೇ ಸ್ವರ ಊದಿ, ಬರಕೊಳ್ತೀನಿ."

"ಈಗ್ಲಾ? ಊಟ ಇನ್ನೂ ಗಂಟಲಲ್ಲೇ ಇದೆ."

"ಈಗ್ಲೇ. ಬೆಳಿಗ್ಗೆ ಐದಕ್ಕೆ ಎದ್ದಿದೀನಿ ಮಾವ, ಆಮೇಲೆ ಅಂದ್ರೆ ನಾನು ಇಲ್ಲೇ ತೂಕಡಿಸಿ ಬೀಳ್ತೀನಿ."

ಊದಿದರು. ತಗ್ಗಿನ ಸ್ವರಗಳು ನಿದ್ದೆಗಣ್ಣಿನ ಎಮ್ಮೆ ಉಸಿರು ಬಿಟ್ಟಂತೆ ಬಂದವು. ನಡುವಿನವೂ ಬಂದವು. ಮೇಲಿನ ನಾಲ್ಕಕ್ಕೆ ಬರೀ ಗಾಳಿ. "ರೀಡು ಒಣಗಿದೆ," ಎಂದು ಊದುವ ತುದಿಯ ಆ ಸೀಳುಪಟ್ಟಿಯನ್ನು ನಾಲಗೆಯಿಂದ ತೇವ ಮಾಡಿಕೊಂಡರು. ಮತ್ತೆ ಗಾಳಿ. "ಈ ಹವೆಗೆ ತಾಮ್ರ ಬಿಗೀತದೆ." ಮತ್ತೆ ಗಾಳಿ, ಜೊತೆಗೆ ಟಕ್ಕೆಂಬ ಸದ್ದು. ಹೋದ ತಿಂಗಳು ಕಟ್ಟಿಸಿದ್ದ ಹಲ್ಲುಸೆಟ್ಟು ಜಾರಿತ್ತು. ಮಾವ ಅತ್ತ ತಿರುಗಿ ಅದನ್ನು ಸರಿಮಾಡಿಕೊಂಡರು.

"ಎಷ್ಟು ದಿನದಿಂದ ಹೀಗೆ?"

"ಹಲ್ಲು ಬಂದಾಗಿಂದ." ಗೊಗ್ಗರವನ್ನು ತೊಡೆಯ ಮೇಲಿಟ್ಟುಕೊಂಡು, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಾನು ರೀಡಿಗೆ ಬೈಕೊಂಡು ತಿರುಗ್ತಿದ್ದೆ."

ಅವಳು ಕಣ್ಣುಜ್ಜಿಕೊಂಡಳು. "ಇದ್ದದ್ದು ಇದ್ದಹಾಗೆ ಹಾಕಿದ್ರೆ, ಮೂರನೇ ಅಂಕದ ಹಾಡಲ್ಲಿ ನಿಮಗೆ ಎಟುಕದ ಸ್ವರಾನೆಲ್ಲಾ ಸಾಫ್ಟ್‌ವೇರು ಕೆಂಪು ಮಾಡಿ ತೋರಿಸುತ್ತೆ. ನಿರ್ದೇಶಕರ ಕಣ್ಣಿಗೆ ಬಿದ್ದೇ ಬೀಳುತ್ತೆ."

"ಹಳೇದೇ ಹಾಕಿಬಿಡು."

"ಹಾಳೆ ಚೆನ್ನಾಗೇ ಕಾಣುತ್ತೆ. ನಾಳೆ ಎಲ್ಲರೆದುರು ಗಾಳಿ ಊದ್ತೀರಾ?"

ಮಾವ ಕಂಪ್ಯೂಟರಿನ ತೆರೆಯ ಹತ್ತಿರ ಬಗ್ಗಿದರು. "ಇದೇನಮ್ಮಾ ಎರಡೆರಡು ಸಾಲು?"

"ಒಂದು ಹವ್ಯಾಸಿಗಳ ಅಳತೆ, ಇನ್ನೊಂದು ಕಸುಬಿನವರದ್ದು. ಇರೋದು ನೀವೊಬ್ಬರೇ ಅಂತ ಎರಡಕ್ಕೂ ಒಂದೇ ಹಾಕ್ತಿದ್ದೆ." ಹೇಳುತ್ತಿದ್ದಂತೆ ಅವಳಿಗೆ ದಾರಿಯೊಂದು ಹೊಳೆಯಿತು. "ಒಂದು ಕೆಲಸ ಮಾಡೋಣ. ಕಸುಬಿನವರ ಸಾಲಲ್ಲಿ ಹಳೇದೇ ಇರಲಿ, ಹವ್ಯಾಸಿ ಸಾಲಲ್ಲಿ ಮಾತ್ರ ಇಳಿಸ್ತೀನಿ. ಆಗ ಕೆಂಪಾಗಲ್ಲ, ಹಳದಿ ಆಗುತ್ತೆ. ಕಷ್ಟ, ಆದ್ರೆ ಆದೀತು ಅಂತ ಅರ್ಥ. ಹಳದೀನ ಯಾರೂ ಕೇಳಲ್ಲ, ನಾಳೆ ತಪ್ಪಿದ್ರೂ ಕಷ್ಟದ ಸ್ವರ ಅಂದ್ಕೋತಾರೆ." ಒಂದು ನಿಮಿಷದಲ್ಲಿ ಮುಗಿಯುವ ಕೆಲಸ. ಒಪ್ಪಿಬಿಡಲಿ ದೇವರೇ ಎಂದುಕೊಂಡಳು.

"ಅಂದ್ರೆ ಆ ನಾಲ್ಕು ಕಸುಬಿನವನಿಗೆ ಬರುತ್ತೆ, ಹವ್ಯಾಸಿಗೆ ಬರಲ್ಲ."

"ಹೂಂ."

"ನನಗಂತೂ ಬರಲ್ಲ. ಹಾಗಾದ್ರೆ ನಾನ್ಯಾರು?"

ಅವಳು ಕೀಲಿಮಣೆಯಿಂದ ಕೈ ತೆಗೆದಳು.

"ಇದನ್ನೇ ಊದಿ ನಿನ್ನ ಗಂಡನ್ನ ಸಾಕಿದೀನಿ ತಾಯಿ. ಹವ್ಯಾಸಿ ಗಿವ್ಯಾಸಿ ಎಲ್ಲ ಬೇಡ. ಎರಡೂ ಸಾಲಲ್ಲೂ ಇಳಿಸು. ಇಷ್ಟೇ ಸ್ವರ ಇರೋ ಕಸುಬುದಾರ ನಾನು."

ಇಳಿಸಿದಳು. ಹಾಡಿನ ನಡುವೆ ಬೆವರುಸಾಲೆ ಎದ್ದಂತೆ ಹನ್ನೊಂದು ಕಡೆ ಕೆಂಪಾಯಿತು.

"ಕ್ಲಾರಿನೆಟ್ಟಿನವಳಿಗೆ ಹಾಕು ಅವನ್ನ," ಎಂದರು ಮಾವ.

"ಅವಳದ್ದು ಸೊಳ್ಳೆ ದನಿ ಅಂತಿದ್ರಿ?"

"ಸೊಳ್ಳೆನೇ. ಆದ್ರೆ ತಪ್ಪು ಜಾಗದಲ್ಲಿ ಕಚ್ಚಲ್ಲ."

ಒಂದೊಂದಾಗಿ ಹನ್ನೊಂದನ್ನೂ ದಾಟಿಸಿದಳು. ಅವಿದ್ದ ಕಡೆ ಗೊಗ್ಗರದ ಸಾಲಿನಲ್ಲಿ ಮೌನದ ಗುರುತುಗಳು ಬಂದು ಕೂತವು. ಹಾಳೆ ನೋಡಿ ತಿಳಿಯುವುದು ಬೇಡವೆಂದು ಮಾವ ತಾವೇ ನಿರ್ದೇಶಕರಿಗೆ ಫೋನು ಮಾಡಿದರು. ಹಲ್ಲಿನ ವಿಷಯ ಎರಡೇ ಮಾತಲ್ಲಿ ಹೇಳಿ, ಆ ಕಡೆಯದನ್ನು ಕೇಳಿಸಿಕೊಂಡು ಇಟ್ಟರು.

"ಏನಂದ್ರು?"

"ನಾಳೆ ಕೇಳಿ ನೋಡ್ತಾನಂತೆ. ಕೂಡಿಬಂದ್ರೆ ಸರಿ, ಇಲ್ಲಾಂದ್ರೆ ಹಾಡು ಪೂರ್ತಿ ಅವಳಿಗೇ." ಅಚ್ಚಾದ ಹಾಳೆಯನ್ನು ಗೋಡೆಗೊರಗಿಸಿ ಗೊಗ್ಗರ ಎತ್ತಿಕೊಂಡರು. "ಆ ಹಾಡಿನ ಮಧ್ಯೆ ಸುಮ್ನಿದ್ದು ಅಭ್ಯಾಸವೇ ಇಲ್ಲ. ಸ್ವಲ್ಪ ಎಣಿಸ್ತೀಯಾ?"

ಅವಳು ಮೇಜಿನ ಮೇಲೆ ಬೆರಳು ಬಡಿದಳು. ಮೊದಲ ಸಲ ಅವರು ಅವಸರಪಟ್ಟು ನುಗ್ಗಿದರು. ಎರಡನೇ ಸಲ ಇನ್ನೂ ಬೇಗ. ಮೂರನೇ ಸಲ ಎಣಿಸುವುದನ್ನು ಬಿಟ್ಟು, ದಣಿದ ದನಿಯಲ್ಲಿ, ಆ ಹನ್ನೊಂದು ಸ್ವರಗಳನ್ನು ಅವಳೇ ಗುನುಗಿದಳು. ಮಾವ ಕಣ್ಣು ಮುಚ್ಚಿ, ಉಸಿರು ಹಿಡಿದು, ಪ್ರತಿಯೊಂದೂ ಮುಗಿಯುವವರೆಗೆ ಕಾದು, ಆಮೇಲೆ ಊದಿದರು.