ಅವಳು ಹಾಗೆ ನಗುವವಳಲ್ಲ

ಆ ಕಾಲರು ಸರಿಯಿಲ್ಲ, ಎಡಗಡೆ ಒಂದು ಬೆರಳು ಮೇಲೆ ಕೂತಿದೆ, ಇಷ್ಟು ದೊಡ್ಡ ಸಿನಿಮಾ ಪರದೆಯ ಮೇಲೆ ಯಾರಿಗೂ ಕಾಣಲಿಲ್ಲವೇ — ಟೆಲಿಫೋನ್ ಎಕ್ಸ್‌ಚೇಂಜಿನ ಬಡ ಹುಡುಗಿಗೆ ರೇಷ್ಮೆಯ ಅಂಗಿ ಅಂತೆ, ಕಾದಂಬರಿಯಲ್ಲಿ ಅವಳು ಇದ್ದೊಂದನ್ನೇ ಒಗೆದು ಒಣಗಿಸಿ ತೊಡುವವಳು, ಪಕ್ಕದಲ್ಲಿ ಅಕ್ಕನ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ನನಗೆ ಒಂದು ಹನಿಯೂ ಇಲ್ಲ, ಯಾಕೆ ಬರಬೇಕು, ಪರದೆಯ ಮೇಲಿರುವವಳು ಯಾರೋ, ಅವಳಲ್ಲ, ಅವಳನ್ನು ನಾನು ಬಲ್ಲೆ, ನಮ್ಮ ಹೊಲಿಗೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಮೆಷಿನ್ ತುಳಿಯುತ್ತಾ, ಅಕ್ಕ ಬಟ್ಟೆಯ ರಾಶಿಗೆ ಒರಗಿ ಗಟ್ಟಿಯಾಗಿ ಓದುತ್ತಾ — ಹುಡುಗಿಯ ಮಾತಿಗೊಂದು ದನಿ, ಮೇಲಧಿಕಾರಿಗೆ ದಪ್ಪ ಗಂಟಲು, ಮೆಲ್ಲಗೆ ತುಳಿಯೇ, ನಿನ್ನ ಮೆಷಿನ್ ಸದ್ದಲ್ಲಿ ಇವಳ ಪ್ರೇಮ ನಂಗೇ ಕೇಳಿಸ್ತಿಲ್ಲ — ಆಗ ಅಕ್ಕನ ಹೊಟ್ಟೆಯಲ್ಲಿ ಒದೆಯುತ್ತಿದ್ದದ್ದು ಇದೋ, ಮೂಗು ಸೋರಿಸಿಕೊಂಡು ಅಳುತ್ತಿರುವ ಇವಳೇ, ಕಾದಂಬರಿ ಮುಗಿಯಿತು, ಹೆರಿಗೆ ಕೋಣೆಯಿಂದ ಮಗು ಮಾತ್ರ ಹೊರಗೆ ಬಂತು, ಮೆಷಿನ್ನಿನ ಮೇಲೆ ಅರ್ಧ ಹೊಲಿದ ಕುಲಾವಿ ಹಾಗೇ ಇತ್ತು.

ಅಯ್ಯೋ, ಪರದೆಯ ಮೇಲಿನವಳು ಈಗ ನಗುತ್ತಿದ್ದಾಳೆ, ತಲೆ ಹಿಂದಕ್ಕೆ ಎಸೆದು, ಪೋಣಿಸಿದ ಹಾಗೆ ಅಷ್ಟೂ ಹಲ್ಲು, ಇಲ್ಲ, ಇಲ್ಲ — ದೀಪ ಹತ್ತಿತು, ಜನ ಏಳುತ್ತಿದ್ದಾರೆ, ಮೆಟ್ಟಿಲ ಮೇಲೆ ನೂಕುನುಗ್ಗಲು, ಹೇಗಿತ್ತು ಚಿಕ್ಕಮ್ಮ, ಹಾಳು ಮಾಡಿಟ್ಟಿದ್ದಾರೆ ಕಣೆ, ಅವಳು ನಗೋದು ನೋಡಿದ್ಯಾ, ಊರಿಗೆಲ್ಲ ಹಲ್ಲು ತೋರಿಸ್ಕೊಂಡು, ಮುಂದಿನ ಹಲ್ಲು ಚೂರು ಮುರಿದಿತ್ತಲ್ಲ ಅವಳಿಗೆ, ಬಾಯಿಗೆ ಅಂಗೈ ಅಡ್ಡ ಹಿಡ್ಕೊಂಡೇ ನಗೋಳು, ಪುಸ್ತಕ ಓದಿ ಸಿನಿಮಾ ತೆಗೀಬೇಕಪ್ಪ. ಚಿಕ್ಕಮ್ಮ, ನಾನು ಹೋದ ವಾರಾನೇ ಓದಿ ಮುಗಿಸಿದ್ದು, ಮುರಿದ ಹಲ್ಲು ಎಲ್ಲೂ ಇಲ್ಲ, ಇಡೀ ಪುಸ್ತಕದಲ್ಲಿ ಅವಳು ಒಂದ್ಸಲಾನೂ ನಗಲ್ಲ. ಇದೆ ಕಣೆ, ನಾನು ಕಿವಿಯಾರೆ ಕೇಳಿದ್ದೀನಿ, ನಿಮ್ಮಮ್ಮ ಓದೋಳು, ಅಂಗೈ ಅಡ್ಡ ಹಿಡ್ಕೊಂಡು ನಗೋಳು — ಕೇಳಿದ್ದೇನೆ, ಕಿವಿಯಾರೆ, ಕಣ್ಣಾರೆ ಓದಿಲ್ಲ, ಅಕ್ಕ ಹೋದಮೇಲೆ ಆ ಪುಸ್ತಕವನ್ನು ನಾನು ಮುಟ್ಟಲೇ ಇಲ್ಲ — ಮೆಟ್ಟಿಲ ಮೇಲೆ ನಿಂತೆ, ಅಕ್ಕನ ಮಗಳೂ ನಿಂತುಬಿಟ್ಟಳು, ಹಿಂದಿನವರು ಗೊಣಗುತ್ತಾ ಸುತ್ತಿ ಹೋಗುತ್ತಿದ್ದಾರೆ, ಅಮ್ಮನಾ, ಅಮ್ಮ ಹಾಗೆ ನಗ್ತಿದ್ಲಾ, ಇಷ್ಟು ವರ್ಷ ಹೇಳಲೇ ಇಲ್ವಲ್ಲ ನೀನು, ಫೋಟೋದಲ್ಲಿ ತುಟಿ ಬಿಗಿದು ಕೂತಿದ್ದಾಳೆ, ನಾನು ಅಮ್ಮ ಸಿಡುಕಿ ಅಂದ್ಕೊಂಡಿದ್ದೆ.

ಸಿಡುಕಿಯೇ, ಅಕ್ಕನೇ? ನಕ್ಕರೆ ಅಂಗಡಿಯೇ ಅಲುಗುತ್ತಿತ್ತು, ಹೇಗೆ ಅಂದರೆ — ಕಣ್ಣು ಮುಚ್ಚುತ್ತೇನೆ, ಆ ನಟಿಯ ಹಲ್ಲು ಬಂತು, ಹೋಗೇ, ನೀನಲ್ಲ, ಮತ್ತೆ ಮುಚ್ಚುತ್ತೇನೆ, ಬಟ್ಟೆಯ ರಾಶಿ ಬಂತು, ಮಡಿಲಲ್ಲಿ ಮಗುಚಿಟ್ಟ ಪುಸ್ತಕ ಬಂತು, ಕೈ ಮೇಲೇಳುತ್ತಿದೆ, ಹೌದು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು, ಉಗುರಿನ ಸಂದಿಯಲ್ಲಿ ನೀಲಿ ಸೀಮೆಸುಣ್ಣ, ಅಂಗೈ ಬಾಯಿಗೆ ಬಂತು, ಅದರ ಹಿಂದೆ ಮೂಗು ಇರಬೇಕು, ಕಣ್ಣಿರಬೇಕು, ಒಂದು ಸಲ ಕೈ ಇಳಿಸೇ ಅಕ್ಕ, ನಿನ್ನ ಮಗಳು ಕೇಳ್ತಿದ್ದಾಳೆ, ಇಳಿಸೇ — ಅಂಗೈ, ನೀಲಿ ಸುಣ್ಣದ ಅಂಗೈ, ಅಂಗೈ —